ಆರೋಗ್ಯ ಕಲಿಸುವವರ ಆರೋಗ್ಯಕ್ಕೆ ಹೊಣೆ ಯಾರು?

ಕಳೆದ ಮಳೆಗಾಲದ ಒಂದು ಸಂಜೆ ಲಾಯಿಲದ ನಮ್ಮ ಚಿಕಿತ್ಸಾಲಯಕ್ಕೆ ಯುವಕರೊಬ್ಬರು ಊರುಗೋಲಿನ ಆಸರೆಯಿಂದ ಬಂದರು. ನಮ್ಮ ಸೀಮೆಯ ಅನೇಕರಿಗೆ ಸೂರ್ಯನಮಸ್ಕಾರ ಕಲಿಸಿದ ಶಿಕ್ಷಕರು ಅವರು. ನಸುಕಿನ ಐದೂವರೆಗೆ ಉಜಿರೆಯ ಸಭಾಭವನವೊಂದರಲ್ಲಿ ಯೋಗದ ತರಗತಿ, ಏಳು ಗಂಟೆಗೆ ಬೆಳ್ತಂಗಡಿ ಪೇಟೆಯ ಎರಡು ಮನೆಗಳಲ್ಲಿ ಪಾಠ, ಹತ್ತಕ್ಕೆ ಗುರುವಾಯನಕೆರೆಯ ಕಡೆ ಶಾಲಾ ಮಕ್ಕಳಿಗೆ ವ್ಯಾಯಾಮ, ಸಂಜೆ ಜಿಮ್ಮಿನಲ್ಲಿ ತರಬೇತಿ, ರಾತ್ರಿ ಗಲ್ಫ್ ದೇಶಗಳಲ್ಲಿರುವ ಕನ್ನಡ ಕುಟುಂಬಗಳಿಗೆ ಮೊಬೈಲ್ ಮೂಲಕ ತರಗತಿ. ಇದು ಅವರ ದಿನಚರಿಯಾಗಿತ್ತು. ಒಂದು ತರಗತಿಯಿಂದ ಇನ್ನೊಂದಕ್ಕೆ ಧಾವಿಸುವಾಗ ಒದ್ದೆ ರಸ್ತೆಯಲ್ಲಿ ಬೈಕು ಜಾರಿತು; ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಗಾಗಿ ಪತ್ನಿಯ ಚಿನ್ನ ಅಡವಿಗೆ ಹೋಯಿತು. ಮೂರು ತಿಂಗಳು ತರಗತಿಯಿಲ್ಲ, ತರಗತಿಯಿಲ್ಲವೆಂದರೆ ಆದಾಯವಿಲ್ಲ. ಅಷ್ಟರಲ್ಲಿ ಎರಡು ಕಡೆ ಬೇರೆ ಶಿಕ್ಷಕರು ಬಂದಾಗಿತ್ತು.

“ವಿಮೆ ಏನಾದರೂ ಇತ್ತೇ?” ಎಂದು ನಾವು ವಿಚಾರಿಸಿದೆವು. “ನಮ್ಮಂಥವರಿಗೆ ಯಾರು ವಿಮೆ ಮಾಡಿಸ್ತಾರೆ ಡಾಕ್ಟ್ರೇ?” ಎಂದರು. “ಬೆಳಿಗ್ಗೆ ಏನು ಸೇವಿಸುತ್ತೀರಿ?” ಎಂಬುದು ನಮ್ಮ ಮುಂದಿನ ಪ್ರಶ್ನೆ. ಅವರು ಸಣ್ಣಗೆ ನಕ್ಕು, “ಬೆಳಿಗ್ಗೆ ಪುರ್ಸೊತ್ತು ಎಲ್ಲಿ ಡಾಕ್ಟ್ರೇ? ಒಂದು ಚಾ, ಮತ್ತೆ ಸ್ವಲ್ಪ ಪ್ರೋಟೀನ್ ಪುಡಿ” ಎಂದರು.

ಈ ಎರಡು ಉತ್ತರಗಳು ನಮ್ಮ ಮನಸ್ಸನ್ನು ಬಹುಕಾಲ ಕಾಡಿದವು. ನೂರಾರು ಜನರಿಗೆ ಆರೋಗ್ಯದ ದಾರಿ ತೋರಿಸುವವರಿಗೆ ಸ್ವತಃ ಹೊತ್ತಿಗೆ ಸರಿಯಾದ ಊಟವಿಲ್ಲ, ಬಿದ್ದರೆ ಹಿಡಿಯುವ ಕೈಯಿಲ್ಲ. ಈ ಕೊರತೆಗೆ ಅವರೊಬ್ಬರೇ ಕಾರಣರಲ್ಲ, ಅವರಿಂದ ಕಲಿಯುವ ನಾವೆಲ್ಲರೂ ಕಾರಣರು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಸದ್ಭಕ್ತರ ಮುಂದಿಡುವುದಕ್ಕಾಗಿಯೇ ಈ ತಿಂಗಳ ಲೇಖನವನ್ನು ಮೀಸಲಿಟ್ಟಿದ್ದೇವೆ.

ನಮ್ಮ ತಾಲ್ಲೂಕಿನಲ್ಲಿ ಯೋಗ ಶಿಕ್ಷಕರಿಗೆ ಕೊರತೆಯಿಲ್ಲ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಮಹಾವಿದ್ಯಾಲಯ ನಡೆಯುತ್ತಿದೆ. 2015ರಿಂದ ಜೂನ್ 21 ಅಂತಾರಾಷ್ಟ್ರೀಯ ಯೋಗ ದಿನವಾದ ಮೇಲೆ ಊರೂರಿನಲ್ಲಿಯೂ ಶಿಬಿರಗಳು ಹೆಚ್ಚಿವೆ. ಈ ಶಿಬಿರಗಳನ್ನು ನಡೆಸುವವರಲ್ಲಿ ಬಹಳ ಮಂದಿ ಸಂಬಳದ ನೌಕರರಲ್ಲ. ಯಾವ ಸಂಸ್ಥೆಯ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದೆ, ತರಗತಿಯ ಲೆಕ್ಕದಲ್ಲಿ ದುಡಿಯುವ ಸ್ವತಂತ್ರ ಶಿಕ್ಷಕರು. ರೈತನಿಗೆ ಹೊಲವಿದೆ, ವ್ಯಾಪಾರಿಗೆ ಅಂಗಡಿಯಿದೆ. ಇವರ ಬಂಡವಾಳ ಶರೀರವೊಂದೇ.

ಇದು ಇಂದಿನ ಸಮಸ್ಯೆ ಮಾತ್ರವಲ್ಲ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಅವಕಾಶ ಮಾಡಿಕೊಟ್ಟು, ಚಿತ್ರದುರ್ಗದ ಸೀಮೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ಅದನ್ನು ಒಪ್ಪಿಸಿದರು. ಇಂದು ಜಗತ್ತಿನಾದ್ಯಂತ ಹಬ್ಬಿರುವ ಯೋಗಾಸನ ಪರಂಪರೆಗಳಲ್ಲಿ ಹಲವು ಅಲ್ಲಿಂದಲೇ ಹೊರಟವು. ಆದರೆ 1940ರಲ್ಲಿ ಮಹಾರಾಜರು ಕಾಲವಾದರು. ಕ್ರಮೇಣ ಆಶ್ರಯ ತಗ್ಗಿ, 1950ರ ಹೊತ್ತಿಗೆ ಶಾಲೆ ಮುಚ್ಚಿತು. ಅರುವತ್ತು ದಾಟಿದ ಆಚಾರ್ಯರು ಹೊಸ ನೆಲೆ ಅರಸಿ ಮೈಸೂರನ್ನು ಬಿಡಬೇಕಾಯಿತು. ಅಷ್ಟು ದೊಡ್ಡ ವಿದ್ವಾಂಸರ ಬದುಕೂ ಒಬ್ಬ ಆಶ್ರಯದಾತರ ಆಯುಷ್ಯವನ್ನು ನೆಚ್ಚಿಕೊಂಡಿತ್ತೆಂದರೆ, ನಮ್ಮೂರಿನ ಸಾಮಾನ್ಯ ಶಿಕ್ಷಕರ ಪಾಡನ್ನು ಊಹಿಸಬಹುದು. ಹಿಂದೆ ಗರಡಿಮನೆಯ ಪೈಲ್ವಾನರಿಗೆ ಊರಿನವರು ಹಾಲು, ತುಪ್ಪ, ಬಾದಾಮಿಗಳನ್ನು ಒದಗಿಸುತ್ತಿದ್ದರು. ಅರಸರು ಹೋದರು, ಗರಡಿಗಳು ಬರಿದಾದವು. ಆ ಸ್ಥಾನದಲ್ಲಿ ಬೇರೆ ಆಸರೆಯನ್ನು ಮಾತ್ರ ನಾವು ಕಟ್ಟಲಿಲ್ಲ.

ಸರ್ಕಾರದ ಆಸರೆ ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ, ಆದರೆ ಅದರ ಅಳತೆಯನ್ನು ತಿಳಿದಿರಬೇಕು. ಇಎಸ್‌ಐ ವ್ಯಾಪ್ತಿಯ ಕಾರ್ಮಿಕನು ಕಾಯಿಲೆ ಬಿದ್ದರೆ, ನಿಯಮಾನುಸಾರ ವರ್ಷಕ್ಕೆ 91 ದಿನಗಳವರೆಗೆ ಸಂಬಳದ 70 ಶೇಕಡಾ ಮೊತ್ತ ದೊರೆಯುತ್ತದೆ. ಮಾಲೀಕನೇ ಇಲ್ಲದ ಸ್ವತಂತ್ರ ಶಿಕ್ಷಕನಿಗೆ ಆ ಬಾಗಿಲು ಮುಚ್ಚಿದೆ. ಕರ್ನಾಟಕ ಸರ್ಕಾರವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿರುವುದು ಶ್ಲಾಘನೀಯ. ಆದರೆ ಅದು ಮೊಬೈಲ್ ಆ್ಯಪ್‌ಗಳಂತಹ ವೇದಿಕೆಗಳ ಮೂಲಕ ದುಡಿಯುವವರನ್ನು ಉದ್ದೇಶಿಸಿದ್ದು. ಬಾಯಿಂದ ಬಾಯಿಗೆ ಹರಡಿದ ಹೆಸರಿನಿಂದ ಮನೆಮನೆಗೆ ಹೋಗಿ ಕಲಿಸುವವರು ಅದರ ಹೊರಗೇ ಉಳಿಯುತ್ತಾರೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 18ರಿಂದ 70 ವಯಸ್ಸಿನವರಿಗೆ ಅಪಘಾತ ವಿಮೆ ಇದೆ. ಅಪಘಾತದಿಂದ ಮರಣವಾದರೆ 2 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ. ಜೀವನ ಜ್ಯೋತಿ ಯೋಜನೆಯಲ್ಲಿ 436 ರೂಪಾಯಿಗೆ 18ರಿಂದ 50 ವಯಸ್ಸಿನವರಿಗೆ 2 ಲಕ್ಷದ ಜೀವ ವಿಮೆ ಇದೆ. ಎರಡೂ ಅವಶ್ಯಕ, ಎರಡನ್ನೂ ಬ್ಯಾಂಕ್ ಖಾತೆಯ ಮೂಲಕ ಮಾಡಿಸಬಹುದು. ಆದರೆ ಗಮನಿಸಿ: ನಮ್ಮ ಯುವಕನಂತೆ ಮೊಣಕಾಲಿನ ಸ್ನಾಯುರಜ್ಜು ಹರಿದು ಮೂರು ತಿಂಗಳು ಮನೆಯಲ್ಲಿ ಕುಳಿತವನಿಗೆ ಈ ಎರಡರಿಂದಲೂ ಒಂದು ಪೈಸೆ ಬಾರದು. ಅವು ಕುಟುಂಬವನ್ನು ಮಹಾವಿಪತ್ತಿನಿಂದ ಕಾಯುತ್ತವೆ. ಶಿಕ್ಷಕನ ನಿತ್ಯದ ಅಪಾಯ ಬೇರೆ ತೆರನಾದುದು.

ಆದುದರಿಂದ ಸ್ವತಂತ್ರ ಶಿಕ್ಷಕರಿಗೆ ಮೂರು ಬಗೆಯ ರಕ್ಷಣೆ ಬೇಕೆಂದು ನಾವು ತಿಳಿಯುತ್ತೇವೆ. ಮೊದಲನೆಯದು ಆಸ್ಪತ್ರೆಯ ಖರ್ಚಿಗೆ ಆರೋಗ್ಯ ವಿಮೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಗೆ ಸೇರಬಹುದು. ಉಳಿದವರು ಖಾಸಗಿ ಅಥವಾ ಸರ್ಕಾರಿ ವಿಮಾ ಕಂಪನಿಯ ಪಾಲಿಸಿ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲದಿರುವುದು ಸಮಾಧಾನದ ಸಂಗತಿ. ಎರಡನೆಯದು ವೈಯಕ್ತಿಕ ಅಪಘಾತ ವಿಮೆ. ಇದರಲ್ಲಿ ತಾತ್ಕಾಲಿಕವಾಗಿ ದುಡಿಯಲಾಗದ ವಾರಗಳಿಗೆ ವಾರದ ಲೆಕ್ಕದಲ್ಲಿ ಪರಿಹಾರ ಕೊಡುವ ಪಾಲಿಸಿಗಳಿವೆ. ಶಿಕ್ಷಕರಿಗೆ ಮುಖ್ಯವಾದುದು ಈ ಅಂಶವೇ. ಮೂರನೆಯದು ಹೊಣೆಗಾರಿಕೆ ವಿಮೆ. ತರಗತಿಯಲ್ಲಿ ವಿದ್ಯಾರ್ಥಿಯ ಕುತ್ತಿಗೆ ಉಳುಕಿದರೆ, ಬೆನ್ನಿಗೆ ಪೆಟ್ಟಾದರೆ ಶಿಕ್ಷಕರ ಮೇಲೆ ಪರಿಹಾರದ ಹೊರೆ ಬೀಳಬಹುದು. ಹಣ ಪಡೆದು ನೀಡುವ ಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂಬುದನ್ನು ಮರೆಯಬಾರದು. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ವ್ಯಾಯಾಮ ಶಿಕ್ಷಕರು ಇಂತಹ ವಿಮೆ ಹೊಂದಿರುವುದು ವಾಡಿಕೆ. ನಮ್ಮಲ್ಲಿ ವೈದ್ಯರು, ವಕೀಲರು ಮಾಡಿಸಿಕೊಳ್ಳುತ್ತಾರೆ; ಶಿಕ್ಷಕರು ಮಾತ್ರ ಅದರ ಹೆಸರನ್ನೂ ಕೇಳಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಿಮಾ ಕಂಪನಿಯು ವ್ಯಾಪಾರ ಸಂಸ್ಥೆ. ಅದರ ಕರಾರನ್ನು ಓದಿಯೇ ಸಹಿ ಮಾಡಬೇಕು. ಅರ್ಜಿಯಲ್ಲಿ ವೃತ್ತಿಯನ್ನು ‘ವ್ಯಾಯಾಮ ತರಬೇತುದಾರ’ ಎಂದೇ ಬರೆಯಿರಿ. ಕಂತು ತುಸು ತಗ್ಗಲೆಂದು ಬೇರೆ ವೃತ್ತಿ ಬರೆದರೆ ಕಷ್ಟಕಾಲದಲ್ಲಿ ಅರ್ಜಿ ತಿರಸ್ಕೃತವಾದೀತು. ಮೊದಲೇ ಇದ್ದ ಮಧುಮೇಹ, ರಕ್ತದೊತ್ತಡ, ಹಳೆಯ ಗಾಯಗಳನ್ನು ಮುಚ್ಚಿಡಬೇಡಿ. ಇಂತಹ ರೋಗಗಳಿಗೆ ಕಾಯುವ ಅವಧಿ 3 ವರ್ಷಗಳನ್ನು ಮೀರುವಂತಿಲ್ಲ. ಪಾಲಿಸಿ ಕೈಸೇರಿದ ಮೇಲೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂತಿರುಗಿಸುವ ಹಕ್ಕೂ ಇದೆ. ಆಯುಷ್ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಿಗೆ ಸಮನಾಗಿ ಕಾಣಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ವಿಧಿಸಿದೆ. ಆದರೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ ಇದು ಸಲ್ಲುತ್ತದೆಯೇ ಹೊರತು ಹಾಯಾಗಿರಲೆಂದು ಮಾಡಿಸುವ ಅಭ್ಯಂಗಕ್ಕಲ್ಲ.

ಇನ್ನು ಆಹಾರದ ವಿಷಯ. ವಿಮೆಯಿದ್ದರೆ ಸಾಕು, ಊಟ ಹೇಗಿದ್ದರೇನು ಎನ್ನುವವರೂ ಇದ್ದಾರೆ. ಒಳ್ಳೆಯ ಊಟ ಮಾಡುವೆವು, ಯೋಗ ಮಾಡುವೆವು, ನಮಗೇಕೆ ವಿಮೆ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧ ಸತ್ಯ. ನಾಲ್ಕು ದಶಕಗಳ ವೈದ್ಯವೃತ್ತಿಯ ಬಳಿಕವೂ, ಹರಿದ ಸ್ನಾಯುರಜ್ಜನ್ನು ಕಷಾಯದಿಂದ ಹೊಲಿಯಲು ನಮಗೆ ಬಾರದು. ಅಲ್ಲಿ ಶಸ್ತ್ರವೈದ್ಯರೇ ಬೇಕು. ಹಾಗೆಯೇ ಹಸಿವನ್ನು ವರ್ಷಗಟ್ಟಲೆ ತಡೆದು ಕೆಡಿಸಿಕೊಂಡ ಜಠರಾಗ್ನಿಯನ್ನು ಯಾವ ವಿಮಾ ಕಂಪನಿಯೂ ಮರಳಿಸದು.

ಚರಕ ಸಂಹಿತೆಯು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುತ್ತದೆ. ಹಸಿವು, ಬಾಯಾರಿಕೆ, ನಿದ್ರೆ, ಶ್ರಮದಿಂದ ಉಂಟಾದ ಏದುಸಿರು ಇವೆಲ್ಲವೂ ಅದರಲ್ಲಿ ಸೇರಿವೆ. ಸ್ವತಂತ್ರ ಶಿಕ್ಷಕರು ದಿನವೂ ಈ ನಾಲ್ಕನ್ನೂ ತಡೆಯುತ್ತಾರೆ! ವ್ಯಾಯಾಮವನ್ನು ಅರ್ಧ ಶಕ್ತಿಯವರೆಗೆ ಮಾತ್ರ ಮಾಡಬೇಕು, ಅದೂ ಬಲವುಳ್ಳವರು, ಸ್ನಿಗ್ಧ ಆಹಾರ ಸೇವಿಸುವವರು, ಶೀತಕಾಲ ಹಾಗೂ ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಮಿತವಾಗಿರಬೇಕು ಎಂಬುದು ವಾಗ್ಭಟಾಚಾರ್ಯರ ಅಭಿಮತ. ಅತಿವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಉಬ್ಬಸ, ಕೆಮ್ಮು, ಜ್ವರ, ವಾಂತಿಗಳು ಬರುವುವೆಂದೂ ಅವರು ಎಚ್ಚರಿಸಿದ್ದಾರೆ. ದಿನಕ್ಕೆ ಐದು ತರಗತಿಗಳಲ್ಲಿ ಐದು ಬಾರಿಯೂ ತಾನೇ ಮಾಡಿ ತೋರಿಸುವ ಶಿಕ್ಷಕನು ಯಾವ ಅರ್ಧ ಶಕ್ತಿಯಲ್ಲಿ ನಿಂತಾನು? ಎರಡು ತರಗತಿಗಳಲ್ಲಿ ಮಾಡಿ ತೋರಿಸಿ, ಉಳಿದವುಗಳಲ್ಲಿ ಪಳಗಿದ ವಿದ್ಯಾರ್ಥಿಯನ್ನು ಮುಂದೆ ನಿಲ್ಲಿಸಿ ಮಾತಿನಿಂದ ನಡೆಸುವುದು ಒಳಿತು.

ಪ್ರೋಟೀನ್ ಪುಡಿಯ ಬಗೆಗೆ ಎರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, ಮಾಂಸಖಂಡ ಬೆಳೆಸಲೆಂದು ಇಂತಹ ಪುಡಿಗಳನ್ನು ಸೇವಿಸದಿರಲು ಸಲಹೆಯಿದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಸಾಕೆಂಬುದು ನಿಗದಿತ ಪ್ರಮಾಣ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಬಹಳ ಶ್ರಮಪಡುವ ಶಿಕ್ಷಕರಿಗೆ ಇದಕ್ಕಿಂತ ತುಸು ಹೆಚ್ಚು ಬೇಕಾದೀತು. 100 ಗ್ರಾಂ ಒಣ ಹುರುಳಿಯಲ್ಲಿಯೇ ಸುಮಾರು 22 ಗ್ರಾಂ ಸಸಾರಜನಕವಿದೆ. ಹೆಸರುಕಾಳು, ಶೇಂಗಾ ಇದಕ್ಕೆ ಹಿಂದೆ ಬೀಳುವುದಿಲ್ಲ. ದುಬಾರಿ ಡಬ್ಬಿಗೆ ಸುರಿಯುವ ಹಣದಲ್ಲಿ ವಿಮೆಯ ಕಂತನ್ನೂ ಕಟ್ಟಬಹುದು, ಮನೆಗೆ ಕಾಳನ್ನೂ ತರಬಹುದು.

ನಮ್ಮ ಕರಾವಳಿಯ ಶಿಕ್ಷಕರಿಗೆ ನಾವು ಹೇಳುವುದಿಷ್ಟು. ನಸುಕಿನ ತರಗತಿಗೆ ಮುನ್ನ ಒಂದು ಬಾಳೆಹಣ್ಣು ಅಥವಾ ನೆನೆಸಿದ ನಾಲ್ಕು ಖರ್ಜೂರ, ಒಂದು ಲೋಟ ಬೆಚ್ಚಗಿನ ನೀರು. ತರಗತಿ ಮುಗಿದು ಉಸಿರು, ಬೆವರು ಶಾಂತವಾದ ಮೇಲೆ ಕುಚ್ಚಲಕ್ಕಿಯ ಗಂಜಿ, ಅದಕ್ಕೊಂದು ಚಮಚ ತುಪ್ಪ, ಜೊತೆಗೆ ಹೆಸರುಕಾಳಿನ ಪಲ್ಯ ಅಥವಾ ತಿಮರೆಯ ಚಟ್ನಿ. ಮಧ್ಯಾಹ್ನ ಹುರುಳಿ ಸಾರು, ನುಗ್ಗೆಸೊಪ್ಪು ಅಥವಾ ಬಸಳೆ, ಮಜ್ಜಿಗೆ. ಸಂಜೆ ಗೋಳಿಬಜೆಯ ಬದಲು ಬೇಯಿಸಿದ ಕಡಲೆ. ಬೇಸಿಗೆಯಲ್ಲಿ ಪುನರ್ಪುಳಿಯ ಪಾನಕವಿರಲಿ. ಉತ್ತರದ ಭಕ್ತರಿಗೆ ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿ. ಹಳೆಯ ಮೈಸೂರು ಭಾಗದವರಿಗೆ ರಾಗಿಮುದ್ದೆ, ಸೊಪ್ಪಿನ ಸಾರು. ಹೊಟ್ಟೆಯನ್ನು ನಾಲ್ಕು ಪಾಲೆಂದು ಎಣಿಸಿ ಎರಡು ಪಾಲು ಘನಾಹಾರ, ಒಂದು ಪಾಲು ದ್ರವ, ಒಂದು ಪಾಲು ವಾಯುವಿಗೆ ಬಿಡಬೇಕೆಂಬ ಶಾಸ್ತ್ರದ ಅಳತೆ ಇಂದಿಗೂ ಸಲ್ಲುವಂಥದು. ಬುತ್ತಿ ಕಟ್ಟಿಕೊಂಡು ಹೋಗುವುದಕ್ಕೆ ನಾಚಬೇಕಾಗಿಲ್ಲ. ನಮಗೆ ಆಹಾರವು ಪ್ರಸಾದ. ಪ್ರಸಾದವನ್ನು ಬೈಕಿನ ಮೇಲೆ ನಿಂತು ನುಂಗುವುದು ಉಚಿತವಲ್ಲ.

ಇಷ್ಟು ಶಿಕ್ಷಕರಿಗೆ ಹೇಳಿದ ಮೇಲೆ, ಅವರನ್ನು ಕರೆಸುವ ನಮ್ಮಂಥವರ ಕಡೆಗೆ ತಿರುಗುತ್ತೇವೆ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸ್ಥಳೀಯ ಸಮಿತಿಯೊಂದರ ಪದಾಧಿಕಾರಿಯಾಗಿ ನಾವು ವರ್ಷಗಳ ಕಾಲ ಯೋಗ ಶಿಬಿರಗಳನ್ನು ನಡೆಸಿದ್ದೇವೆ. ಸಮಾರೋಪದ ದಿನ ಶಿಕ್ಷಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಅರ್ಪಿಸಿ, ಫೋಟೊ ತೆಗೆಸಿಕೊಂಡು, ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೇವೆ. ಅವರಿಗೆ ವಿಮೆಯಿದೆಯೇ, ಬೆಳಗಿನ ಉಪಾಹಾರವಾಯಿತೇ ಎಂದು ಒಮ್ಮೆಯೂ ಕೇಳಲಿಲ್ಲ. ಮೇಲೆ ಹೇಳಿದ ಎರಡು ಸರ್ಕಾರಿ ಯೋಜನೆಗಳ ವಾರ್ಷಿಕ ಕಂತು ಒಟ್ಟು 456 ರೂಪಾಯಿ. ನಾವು ಹೊದಿಸಿದ ಶಾಲು ಮತ್ತು ಹಾರದ ಬೆಲೆ ಅದಕ್ಕಿಂತ ಹೆಚ್ಚಾಗಿತ್ತು.

“ನಾವು ಶುಲ್ಕ ಕೊಡುತ್ತೇವೆ, ಉಳಿದುದು ಅವರ ಹೊಣೆ” ಎನ್ನುವವರಿಗೆ ಒಂದು ಲೆಕ್ಕ. ಇಪ್ಪತ್ತು ಜನರ ಒಂದು ತರಗತಿಯಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ 10 ರೂಪಾಯಿ ಹೆಚ್ಚುವರಿಯಾಗಿ ತೆಗೆದಿಟ್ಟರೆ ವರ್ಷಕ್ಕೆ 2,400 ರೂಪಾಯಿಯಾಗುತ್ತದೆ. ಶಿಕ್ಷಕರ ವಿಮೆಯ ಕಂತಿಗೆ ಇದು ಗಣನೀಯ ಆಸರೆ. ಕೊಡುವವರಿಗೆ ಅದು ಒಂದು ಲೋಟ ಚಹಾದ ಬೆಲೆ.

ಈ ಬಗೆಯ ಹಂಚಿಕೆ ನಮ್ಮ ನಾಡಿಗೆ ಹೊಸತಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ರೈತನು ಕೊಡಬೇಕಾಗಿದ್ದುದು ತಿಂಗಳಿಗೆ 5 ರೂಪಾಯಿ. ಆ ಐದೈದು ರೂಪಾಯಿಗಳು ಕೂಡಿ ದೊಡ್ಡ ದೊಡ್ಡ ಶಸ್ತ್ರಚಿಕಿತ್ಸೆಗಳ ವೆಚ್ಚವನ್ನು ಹೊತ್ತವು. 1982ರಲ್ಲಿ ನಮ್ಮ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 2004ರಿಂದ ಸ್ವಸಹಾಯ ಸಂಘಗಳ ಕುಟುಂಬಗಳಿಗಾಗಿ ‘ಸಂಪೂರ್ಣ ಸುರಕ್ಷಾ’ ಎಂಬ ಆರೋಗ್ಯ ವಿಮೆಯನ್ನು ನಡೆಸಿತು. ಹತ್ತಿಪ್ಪತ್ತು ಮಂದಿ ಯೋಗ, ವ್ಯಾಯಾಮ ಶಿಕ್ಷಕರು ಒಂದು ಸಂಘವಾಗಿ ಕೂಡಿದರೆ ಅವರಿಗೂ ಇಂತಹ ಬಾಗಿಲುಗಳು ತೆರೆಯುವುವು. ಒಬ್ಬರು ಬಿದ್ದಾಗ ಅವರ ತರಗತಿಯನ್ನು ಉಳಿದವರು ನಡೆಸಿ, ಅವರು ಎದ್ದಾಗ ಮರಳಿಸುವ ಒಪ್ಪಂದವನ್ನೂ ಆ ಸಂಘವೇ ಮಾಡಿಕೊಳ್ಳಬಹುದು.

ಕೊನೆಯದಾಗಿ ಒಂದು ಸಂದೇಹ. ಭಕ್ತರೊಬ್ಬರು ನಮ್ಮನ್ನು ಕೇಳಿದ್ದರು: “ನಾಳಿನ ಚಿಂತೆಯಿಂದ ಸಂಗ್ರಹಿಸುವುದು ಶರಣರಿಗೆ ಸಮ್ಮತವೇ? ವಿಮೆ ಎಂದರೆ ಅಪನಂಬಿಕೆಯಲ್ಲವೇ?” ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ತಾಯಿಯವರು ಹೆಚ್ಚಿನದನ್ನು ಮರಳಿಸಿ ಬರುವಂತೆ ಹೇಳಿದ ಪ್ರಸಂಗ ನಮಗೆಲ್ಲ ತಿಳಿದುದೇ. ಆ ತಾಯಿ ಬೇಡವೆಂದದ್ದು ತನ್ನ ಮನೆಯೊಳಗೆ ಸೇರುವ ಹೆಚ್ಚಿನ ರಾಶಿಯನ್ನು. ವಿಮೆಯ ಕಂತು ನಮ್ಮ ಮನೆಯಲ್ಲಿ ಕೂಡಿಡುವ ರಾಶಿಯಲ್ಲ. ಅದು ಮನೆಯಿಂದ ಹೊರಗೆ ಹೋಗುತ್ತದೆ. ನಾವು ಕ್ಷೇಮವಾಗಿದ್ದರೆ, ನಾವು ಕಟ್ಟಿದ ಹಣ ಬಿದ್ದವರೊಬ್ಬರ ಚಿಕಿತ್ಸೆಗೆ ಸಲ್ಲುತ್ತದೆ. ಕಂಪನಿಯವರು ಅದನ್ನು ವ್ಯಾಪಾರವೆಂದು ನಡೆಸಲಿ. ಕಟ್ಟುವವರು ದಾಸೋಹದ ಭಾವದಿಂದ ಕಟ್ಟಲು ಅಡ್ಡಿಯೇನಿಲ್ಲ. ಕಾಯಕವನ್ನು ಪೂಜ್ಯವೆಂದು ನಂಬಿದ ನಾವು, ಆ ಕಾಯಕಕ್ಕೆ ಆಧಾರವಾದ ಕಾಯವನ್ನು ಕಡೆಗಣಿಸಬಾರದು. ಅನ್ಯರ ಕಾಯವಾದರೂ ಅಷ್ಟೇ.

ಬರುವ ಜೂನ್ 21ಕ್ಕೆ ನಿಮ್ಮ ಊರಿನಲ್ಲಿಯೂ ಯೋಗ ಶಿಬಿರ ನಡೆಯುವುದು. ಸುರಕ್ಷಾ, ಜೀವನ ಜ್ಯೋತಿ ಯೋಜನೆಗಳ ವರ್ಷ ಆರಂಭವಾಗುವುದು ಜೂನ್ 1ರಂದು, ಆದುದರಿಂದ ಮೇ ಮುಗಿಯುವುದರೊಳಗೆ ನಿಮ್ಮ ಶಿಕ್ಷಕರನ್ನು ಹತ್ತಿರ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ: “ವಿಮೆ ಮಾಡಿಸಿದ್ದೀರಾ? ಪ್ರಸಾದ ಆಯಿತೇ?” ಎರಡರಲ್ಲಿ ಯಾವುದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ, ಅಂದಿನ ಪಾಠಕ್ಕೆ ಮೊದಲು ಅದರ ವ್ಯವಸ್ಥೆಯಾಗಲಿ. ನಮ್ಮ ಯುವಕ ಶಿಕ್ಷಕರು ಈಗ ಊರುಗೋಲು ಬಿಟ್ಟಿದ್ದಾರೆ. ಮೂರೇ ತರಗತಿ ನಡೆಸುತ್ತಾರೆ, ಚೀಲದಲ್ಲಿ ಗಂಜಿಯ ಬುತ್ತಿ ಇರುತ್ತದೆ. ಅವರ ವಿದ್ಯಾರ್ಥಿಗಳಲ್ಲಿ ನಾವೂ ಒಬ್ಬರು. ತಿಂಗಳ ಹತ್ತು ರೂಪಾಯಿಯನ್ನು ನಾವು ಆರಂಭಿಸಿದ್ದೇವೆ.

ಶರಣು ಶರಣಾರ್ಥಿ.